ನಾನು ತೋರಿಸಿಕೊಟ್ಟ ಮಂಡಿ

ಒಬ್ಬ ಮನುಷ್ಯನ ಕಾಲು ಮುರಿಸಿದವನು ನಾನು. ಮುರಿದದ್ದು ಬೇರೆಯವನ ಮೈಭಾರದಿಂದ. ಆದರೆ ಯಾವ ಕಾಲು, ಯಾವ ಕಡೆಯಿಂದ ಎಂದು ಹೇಳಿಕೊಟ್ಟ ಬಾಯಿ ನನ್ನದು. ಈಗ ಎಪ್ಪತ್ತು ದಾಟಿದೆ. ಇನ್ನು ಮುಚ್ಚಿಟ್ಟು ಏನೂ ಆಗಬೇಕಾದ್ದಿಲ್ಲ.

ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ನಾನು ಸ್ಟೋರ್ ಸೂಪರ್‌ವೈಸರ್ ಆಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಮೈಸೂರಿನ ಹೈಸ್ಕೂಲಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದ್ದೆ ಎಂಬ ಒಂದೇ ಕಾರಣಕ್ಕೆ ಕಾರ್ಖಾನೆಯ ತಂಡವನ್ನು ನನಗೆ ಒಪ್ಪಿಸಿದ್ದರು. ಎರಡು ಸಾವಿರದ ಹತ್ತರ ಆಚೆಯ ಆ ವರ್ಷಗಳಲ್ಲಿ ಅಕ್ಕಪಕ್ಕದ ಕಾರ್ಖಾನೆಗಳು ಶನಿವಾರ ಮಧ್ಯಾಹ್ನ ಒಂದರ ವಿರುದ್ಧ ಒಂದು ಆಡುತ್ತಿದ್ದವು. ಸಿಮೆಂಟ್ ಅಂಗಳ, ಬೋರ್ಡಿಗೆ ತಗಡು, ಸುತ್ತ ಕೂಗುವ ನೂರಾರು ಕೆಲಸಗಾರರು. ಹುಡುಗರು ನನ್ನನ್ನು ಹಿರಿಯರನ್ನು ಕರೆಯುವಂತೆ ‘ಮ್ಜೇ’ ಎನ್ನುತ್ತಿದ್ದರು.

ನಮ್ಮ ತಂಡದ ಜೀವ ಗೋಡೌನಿನ ಒಬ್ಬ ಲೋಡರ್. ಗಿಡ್ಡ ಆಳು, ಕುಳ್ಳ ಎಂದೇ ಕರೆಯುತ್ತಿದ್ದೆ. ಬುಟ್ಟಿಗೆ ಹಾಕುತ್ತಿದ್ದುದು ಅಪರೂಪ, ಆದರೆ ಯಾರ ಕೈ ಖಾಲಿ ಇದೆ, ಯಾರಿಗೆ ಯಾವ ಕ್ಷಣಕ್ಕೆ ಚೆಂಡು ಬೇಕು ಎಂಬುದು ಅವನಿಗೆ ಗೊತ್ತಿರುತ್ತಿತ್ತು. ಸ್ವಾಹಿಲಿಯಲ್ಲಿ ಕೂಗಿದರೆ ಎದುರಿನವರಿಗೂ ತಿಳಿಯುತ್ತದೆಂದು ನಾನು ಹುಡುಗರಿಗೆ ನಾಲ್ಕಾರು ಕನ್ನಡ ಮಾತು ಕಲಿಸಿದ್ದೆ: ಎಡ, ಬಲ, ಹಿಂದೆ, ತಡಿ, ಕೊಡು. ಆ ಅಂಗಳದಲ್ಲಿ ಕುಳ್ಳ ಕನ್ನಡದಲ್ಲಿ ಕೂಗಿ ಇಡೀ ತಂಡವನ್ನು ಆಡಿಸುತ್ತಿದ್ದ.

ಅವನ ಎಡ ಮಂಡಿ ದುರ್ಬಲವಾಗಿತ್ತು. ತಿಳಿದರೆ ಲೋಡಿಂಗ್ ಕೆಲಸ ಹೋಗುತ್ತದೆಂದು ನನ್ನನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಪ್ರತಿ ಶನಿವಾರ ಸ್ಟೋರಿನ ಬಾಗಿಲು ಹಾಕಿಕೊಂಡು ನಾನೇ ಎಣ್ಣೆ ಹಚ್ಚಿ ತೆಳುವಾಗಿ ಬಟ್ಟೆ ಸುತ್ತುತ್ತಿದ್ದೆ. ಹೊರಗೆ ಕಾಣುವ ದಪ್ಪ ಪಟ್ಟಿಯನ್ನು ಮಾತ್ರ ಬಲ ಮಂಡಿಗೆ ಹಾಕಿಸುತ್ತಿದ್ದೆ. ಒದೆಯುವವನು ಚೆನ್ನಾಗಿರುವ ಕಾಲಿಗೇ ಒದೆಯಲಿ ಅಂತ. ಆ ಉಪಾಯ ನನ್ನದೇ. ಅದಕ್ಕೆ ಹೆಮ್ಮೆಯೂ ಇತ್ತು.

ಅರ್ಧ ಸೀಸನ್ ಮುಗಿದಿತ್ತು, ನಾವು ಎರಡನೆಯ ಸ್ಥಾನದಲ್ಲಿದ್ದೆವು. ಒಂದು ಭಾನುವಾರ ಹೈರಿಡ್ಜ್ ಬಡಾವಣೆಯ ನಮ್ಮ ಮನೆಗೆ ಪಕ್ಕದ ಸೋಪ್ ಕಾರ್ಖಾನೆಯ ಮ್ಯಾನೇಜರ್ ಉಪ್ಪಿಟ್ಟು ತಿನ್ನಲು ಬಂದರು. ಬೆಂಗಳೂರಿನವರು.

“ಸಾರ್, ನಿಮ್ಮ ಕುಳ್ಳನ್ನ ಇತ್ಲಾಗೆ ಕೊಡಿ. ನಮ್ಮ ಉದ್ದಪ್ಪನ್ನ ಕರ್ಕೊಳ್ಳಿ. ಆರಡಿ ಆರಿಂಚು ಇದಾನೆ, ಕೈ ಎತ್ತಿದ್ರೆ ಬುಟ್ಟಿ ಸಿಗುತ್ತೆ.”

“ಕೆಲಸ?”

“ಕೆಲಸಾನೂ ಅದಲು ಬದಲು. ಇಲ್ಲಿ ಮೂಟೆ ಹೊರ್ತಾನೆ, ಅಲ್ಲೂ ಮೂಟೆ ಹೊರ್ತಾನೆ. ಅವನಿಗೇನ್ರೀ ವ್ಯತ್ಯಾಸ!”

ಇಬ್ಬರೂ ನಕ್ಕೆವು. ಎರಡನೆಯ ಲೋಟ ಕಾಫಿ ಬರುವಷ್ಟರಲ್ಲಿ ಮಾತು ಮುಗಿದಿತ್ತು. ಕುಳ್ಳನನ್ನು ಒಂದು ಮಾತು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಸೋಮವಾರ ಗೇಟಿನಲ್ಲಿ ತಿಳಿಸಿದಾಗ ಅವನು, “ನಾನೇನು ತಪ್ಪು ಮಾಡಿದೆ ಮ್ಜೇ?” ಎಂದ. ನಾನು ಗಡಿಯಾರ ನೋಡಿಕೊಂಡೆ.

ಉದ್ದನವನು ಒಳ್ಳೆಯ ಆಟಗಾರ. ಮೊದಲ ಪಂದ್ಯದಲ್ಲಿ ನಮ್ಮ ಅರ್ಧದಷ್ಟು ಪಾಯಿಂಟು ಅವನೊಬ್ಬನೇ ಹಾಕಿದ. ಆದರೂ ಸೋತೆವು. ಮುಂದಿನದನ್ನೂ ಸೋತೆವು. ಚೆಂಡು ಅವನ ಕೈ ಸೇರಿ ಅಲ್ಲೇ ನಿಲ್ಲುತ್ತಿತ್ತು. ಉಳಿದವರು ಬಸ್ಸಿಗೆ ಕಾದವರಂತೆ ನಿಲ್ಲುತ್ತಿದ್ದರು. ಬೇಕೆಂದೇ ಅವನ ಕಾಲಬುಡಕ್ಕೆ ಪಾಸ್ ಮಾಡುತ್ತಿದ್ದರು. ಅವನ ಮೇಲಿನ ಸಿಟ್ಟು ಎಂದುಕೊಂಡಿದ್ದೆ. ಅದು ಭಯ. ನಮ್ಮ ಕ್ಯಾಪ್ಟನ್ ಬಾಯ್ಲರ್ ಕೆಲಸದವನು, ಅವನು ನನ್ನ ಮುಖಕ್ಕೇ ಹೇಳಿದ: “ಕುಳ್ಳನನ್ನೇ ಕೊಟ್ಟ ಮೇಲೆ ನಾವು ಯಾವ ಲೆಕ್ಕ ಮ್ಜೇ? ನಾಳೆ ನನ್ನನ್ನೂ ಒಂದು ಪ್ಲಾಸ್ಟಿಕ್ ಬಕೆಟ್‌ಗೆ ಬದಲಾಗಿ ಕೊಡ್ತೀರಿ.”

ಒಂದು ಸಂಜೆ ಪ್ರಾಕ್ಟೀಸಿನಲ್ಲಿ ಕ್ಯಾಪ್ಟನ್ ಚೆಂಡನ್ನು ಉದ್ದನವನ ಮುಖಕ್ಕೆ ಬೀಸಿ ಎಸೆದ. ಮೂಗು ಒಡೆಯಿತು. ಉದ್ದನವನು ರಕ್ತ ಒರೆಸಿಕೊಳ್ಳದೆಯೇ ಬಂದು ಅವನ ಕತ್ತು ಹಿಡಿದು ಕಂಬಕ್ಕೆ ಜಜ್ಜಿದ. ಇನ್ನಿಬ್ಬರು ಹಿಂದಿನಿಂದ ಬಿದ್ದು ಅವನ ಬೆನ್ನಿಗೆ ಒದ್ದರು. ಒಬ್ಬ ಅವನ ತೋಳು ಕಚ್ಚಿದ. ಬಿಡಿಸಲು ಹೋದ ನಾನೂ ಹೊಡೆದೆ. ಯಾರಿಗೆ ಎಂದು ನೋಡಲಿಲ್ಲ. ಹೊಡೆಯುವಾಗ ಹಾಯೆನಿಸಿತು. ಅದನ್ನೂ ಇಲ್ಲಿ ಹೇಳಬೇಕು.

ಮನೆಯಲ್ಲಿ ಹೆಂಡತಿ ಅಂಗಿ ನೋಡಿ, “ಯಾರ್ದ್ರೀ ರಕ್ತ?” ಎಂದಳು.

“ಆಟದಲ್ಲಿ ಆಗುತ್ತೆ.”

“ಆಡ್ದೋರು ನೀವಲ್ವಲ್ಲ!”

ಅದಲು ಬದಲಾದ ಮೇಲಿನ ನಾಲ್ಕನೆಯ ಶನಿವಾರ ಸೋಪ್ ಕಾರ್ಖಾನೆಯ ಜೊತೆಗೇ ಪಂದ್ಯ. ಸೋತರೆ ತಂಡ ನನ್ನ ಕೈ ತಪ್ಪುತ್ತದೆಂದು ನಮ್ಮ ಆಫೀಸಿನಲ್ಲಿ ಹೇಳಿದ್ದರು. ಕುಳ್ಳ ಎದುರು ಬದಿಯಲ್ಲಿ, ಬಲ ಮಂಡಿಗೆ ಅದೇ ದಪ್ಪ ಪಟ್ಟಿ. ನಮ್ಮವರು ‘ಎಡ’ ಎಂದು ಕೂಗುವಷ್ಟರಲ್ಲಿ ಅವನು ಎಡಕ್ಕೆ ಬಂದು ಚೆಂಡು ಕಿತ್ತಿರುತ್ತಿದ್ದ. ‘ಹಿಂದೆ’ ಎಂದರೆ ಹಿಂದೆ. ನನ್ನ ಭಾಷೆಯಲ್ಲೇ ನನ್ನನ್ನು ಸೋಲಿಸುತ್ತಿದ್ದ. ಅವರ ಮ್ಯಾನೇಜರ್ ಆ ಬದಿಯಿಂದ ನನ್ನತ್ತ ಕೈ ಬೀಸಿ ಕೂಗಿದರು: “ಸಾರ್, ಚೆನ್ನಾಗಿ ಕನ್ನಡ ಕಲಿಸಿದೀರಿ ಕಣ್ರೀ!”

ಅರ್ಧ ಆಟದ ವಿರಾಮದಲ್ಲಿ ಉದ್ದನವನನ್ನು ನೀರಿನ ಟ್ಯಾಂಕಿನ ಹಿಂದೆ ಕರೆದುಕೊಂಡು ಹೋದೆ.

“ಕುಳ್ಳನ ಎಡ ಮಂಡಿ. ಪಟ್ಟಿ ಇರೋದಲ್ಲ, ಇನ್ನೊಂದು. ಹೊರಗಡೆಯಿಂದ ಅದರ ಮೇಲೆ ಬೀಳು.”

“ಅವನು ನನಗೇನೂ ಮಾಡಿಲ್ಲ ಮ್ಜೇ. ನನ್ನ ಹಾಗೇ ಅವನನ್ನೂ ಕಳಿಸಿದ್ದಾರೆ.”

“ಹಾಗಾದ್ರೆ ಮುಂದಿನ ವಾರ ನಿನ್ನನ್ನೂ ಇನ್ನೆಲ್ಲಿಗಾದ್ರೂ ಕಳಿಸ್ತೀನಿ,” ಎಂದೆ.

ಆಟ ಮತ್ತೆ ಶುರುವಾಗಿ ಐದು ನಿಮಿಷವೂ ಆಗಿರಲಿಲ್ಲ. ಕುಳ್ಳ ಚೆಂಡಿಗೆ ಹಾರಿ ಇಳಿಯುತ್ತಿದ್ದ. ಎಡಗಾಲು ನೆಲ ಮುಟ್ಟಿದ ಗಳಿಗೆಯಲ್ಲಿ ಉದ್ದನವನು ತನ್ನ ಇಡೀ ಭಾರವನ್ನು ಪಕ್ಕದಿಂದ ಅದರ ಮೇಲೆ ಹಾಕಿದ. ಹಸಿ ಕೊಂಬೆ ಮುರಿದ ಸದ್ದು ಸುತ್ತಲಿನ ಗದ್ದಲದಲ್ಲೂ ನನಗೆ ಕೇಳಿಸಿತು. ಕಾಲು ಬಾಗಬಾರದ ಕಡೆಗೆ ಬಾಗಿತ್ತು. ಕುಳ್ಳ ಸಿಮೆಂಟಿನ ಮೇಲೆ ಹೊರಳುತ್ತ ಅರಚಿದ.

ಸೋಪ್ ಕಾರ್ಖಾನೆಯವರು ಅಂಗಳಕ್ಕೆ ನುಗ್ಗಿದರು. ಉದ್ದನವನನ್ನು ಕೆಡವಿ ಬೂಟುಗಾಲಿನಲ್ಲಿ ತುಳಿದರು. ಯಾರೋ ಸೋಡಾ ಬಾಟಲಿಯಲ್ಲಿ ತಲೆಗೆ ಬಾರಿಸಿದರು. ಅವನು ಎರಡು ಕೈಯಲ್ಲಿ ತಲೆ ಮುಚ್ಚಿಕೊಂಡು, ಆ ಕಾಲುಗಳ ನಡುವಿನಿಂದ ನನ್ನನ್ನೇ ನೋಡಿದ. ‘ಹೇಳಿದ್ದು ನಾನು’ ಎಂದು ಒಂದು ಮಾತು ಕೂಗಿದ್ದರೆ ಸಾಕಿತ್ತು. ನಾನು ಬೆಂಚಿನ ಹಿಂದಕ್ಕೆ ಸರಿದೆ. ನಮ್ಮ ತಂಡದ ಒಬ್ಬನೂ ಅವನ ನೆರವಿಗೆ ಹೋಗಲಿಲ್ಲ.

ಸೋಮವಾರ ಉದ್ದನವನನ್ನು ಕೆಲಸದಿಂದ ತೆಗೆದರು. ಬೇಕೆಂದೇ ಹಲ್ಲೆ ಮಾಡಿದ ಎಂಬ ಕಾಗದಕ್ಕೆ ಸಾಕ್ಷಿಯಾಗಿ ಸಹಿ ಹಾಕಿದ್ದು ನಾನು.

ಎರಡು ತಿಂಗಳು ಕಳೆದ ಮೇಲೆ ಕುಳ್ಳನ ಮನೆಗೆ ಹೋದೆ. ತಗಡಿನ ಒಂದೇ ಕೋಣೆ. ಊರುಗೋಲು ಮಡಿಲಲ್ಲಿಟ್ಟುಕೊಂಡು ಮಂಚದ ಮೇಲೆ ಕೂತಿದ್ದ. ಹೇಳಬೇಕೆಂದೇ ಹೋಗಿದ್ದೆ, ಆದರೆ ಹವೆ, ಟ್ರಾಫಿಕ್ ಜಾಮು, ಕಾರ್ಖಾನೆ ಎಂದು ಏನೇನೋ ಮಾತಾಡಿದೆ. ಕೊನೆಗೆ ಅವನೇ ಅಂದ:

“ಆ ಮಂಡಿ ವಿಷಯ ನಿಮ್ಮನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ ಮ್ಜೇ.”

ನಾನು ತಲೆ ತಗ್ಗಿಸಿದೆ. “ಹೌದು. ನಾನೇ ಹೇಳಿದ್ದು.”

“ಉದ್ದನವನು ಎರಡು ಸಲ ಇಲ್ಲಿಗೆ ಬಂದಿದ್ದ. ಅಲ್ಲೇ, ನೀವು ಕೂತಲ್ಲೇ ಕೂತು ಅತ್ತ. ಎಷ್ಟು ಕೇಳಿದರೂ ನಿಮ್ಮ ಸುದ್ದಿ ಎತ್ತಲಿಲ್ಲ.” ಅಷ್ಟು ಹೇಳಿ ಊರುಗೋಲು ಎತ್ತಿ ನನ್ನ ಭುಜಕ್ಕೆ ಬಾರಿಸಿದ. ಆ ರಭಸಕ್ಕೆ ತಾನೇ ವಾಲಿ ಮಂಚದಿಂದ ಜಾರಿದ. ಹಿಡಿಯಲು ಹೋದೆ. “ಮುಟ್ಟಬೇಡಿ,” ಎಂದ. ನೆಲದ ಮೇಲೆ ಕೂತೇ ಹೇಳಿದ: “ನನ್ನ ಕಿವಿಗೆ ಹೇಳಿ ಹಗುರ ಆಗಬೇಡಿ. ಎಲ್ಲರ ಎದುರು ಹೇಳಿ.”

ಮುಂದಿನ ಶನಿವಾರ, ಎರಡು ಕಾರ್ಖಾನೆಯವರೂ ಸೇರಿದ್ದ ಅಂಗಳದ ನಡುವೆ ನಿಂತು ಹೇಳಿದೆ. ನನ್ನ ಹರಕು ಸ್ವಾಹಿಲಿಯಲ್ಲಿ, ಟ್ಯಾಂಕಿನ ಹಿಂದಿನ ಮಾತನ್ನೂ ಬಿಡದೆ. ಮೊದಲ ಏಟು ನಮ್ಮ ಕ್ಯಾಪ್ಟನ್‌ನದು. ನನ್ನ ಮುಂದಿನ ಎರಡು ಹಲ್ಲು ಅವತ್ತು ಹೋದವು. ತಂಡವನ್ನು ನನ್ನಿಂದ ತೆಗೆದುಕೊಂಡರು. ವಯಸ್ಸು ನೋಡಿ ಸ್ಟೋರಿನ ಕೆಲಸ ಉಳಿಸಿದರು.

ಉದ್ದನವನನ್ನು ವಾಪಸ್ಸು ಕರೆದರು. ಕೆಲಸಕ್ಕೆ ಬಂದ, ಆದರೆ ಮತ್ತೆಂದೂ ಚೆಂಡು ಮುಟ್ಟಲಿಲ್ಲ. ಕುಳ್ಳನ ಕಾಲು ನೆಟ್ಟಗಾಗಲಿಲ್ಲ. ಸೋಪ್ ಕಾರ್ಖಾನೆಯ ಗೇಟಿನಲ್ಲಿ ಸ್ಟೂಲು ಹಾಕಿ ಕಾವಲಿಗೆ ಕೂರಿಸಿದರು. ನೈರೋಬಿ ಬಿಡುವವರೆಗೂ ದಿನಾ ಅದೇ ಗೇಟಿನ ಮುಂದೆ ಹಾದು ಕೆಲಸಕ್ಕೆ ಹೋದೆ. ಇನ್ನೊಂದು ದಾರಿಯೂ ಇತ್ತು. ಅವನು ಒಮ್ಮೆಯೂ ತಲೆ ಎತ್ತಲಿಲ್ಲ.