ಸಿದ್ದಮ್ಮನ ಬದನೆಗಿಡ

ಹನೂರು ಇನ್ನೂ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಕಾಲ. ಆಗ ನಾನು ಅಲ್ಲಿ ರೈತರಿಗೆ ಗೊಬ್ಬರದ ಪ್ರಮಾಣ ಹೇಳಿಕೊಡುವ ಸರ್ಕಾರಿ ಮೇಸ್ತ್ರಿ. ಹತ್ತಿರದ ಶಾಗ್ಯ ಊರಿನ ಸಿದ್ದಮ್ಮನ ಹಿತ್ತಲಲ್ಲೂ ನನ್ನ ಹಿತ್ತಲಲ್ಲೂ ಒಂದೇ ದಿನ ನೆಟ್ಟದ್ದು ಒಂದೇ ಪಾತಿಯ ಬದನೆ ಸಸಿ, ಹಾಕಿದ್ದು ಒಂದೇ ಚೀಲದ ಬಿಳಿ ಗೊಬ್ಬರ. ಆದರೆ ಸೈಕಲ್ಲಿನಲ್ಲಿ ಆ ಕಡೆ ಹೋದಾಗಲೆಲ್ಲ ಅವಳ ಗಿಡ ನನ್ನದಕ್ಕಿಂತ ಒಂದು ಗೇಣು ಎತ್ತರ. ನನಗೆ ಹೊಟ್ಟೆ ಉರಿಯಿತು. ಮದ್ರಾಸಿನಿಂದ ಬಂದ ಕಾಗದದಲ್ಲಿ ಎಕರೆಗೆ ಇಷ್ಟು ಪೌಂಡು ಎಂದಿದ್ದುದನ್ನು ಗಿಡದ ಲೆಕ್ಕಕ್ಕಿಳಿಸಿ ಹಾಕುತ್ತಿದ್ದವನು, ಅವಳನ್ನು ಮೀರಿಸಲೆಂದು ಎರಡರಷ್ಟು ಹಾಕಿದೆ, ಆಮೇಲೆ ನಾಲ್ಕರಷ್ಟು. ವಾರದೊಳಗೆ ನನ್ನ ಗಿಡದ ಎಲೆಗಳು ಸುಟ್ಟ ಹಪ್ಪಳದಂತಾದವು.

ಅವಳ ಹಿತ್ತಲಲ್ಲಿ ಎಣ್ಣೆ ಸವರಿದಂಥ ಕಾಯಿಗಳು ತೂಗುತ್ತಿದ್ದವು. ತಪಾಸಣೆಗೆ ಬಂದವನಂತೆ ಮುಖ ಬಿಗಿದುಕೊಂಡು, "ಎಷ್ಟು ಹಾಕ್ತೀಯಮ್ಮ?" ಎಂದೆ.

"ಸಾರಿಗೆ ಉಪ್ಪು ಆಕ್ದಂಗೆ ಕಣ್ ಸಾ, ಮೂರು ಬೆಳ್ಳಲ್ಲಿ ಒಂದು ಚಿಟ್ಕೆ. ಕಮ್ಮಿಯಾದ್ರೆ ಇನ್ನಷ್ಟು ಆಕ್ಬೋದು. ಜಾಸ್ತಿಯಾದ್ರೆ ತಗಿಯಕಾದದಾ? ನಿಮ್ಮವು ಎಂಗವೆ ಸಾ?"

"ಚೆನ್ನಾಗಿವೆ."

ನಂಬಲಿಲ್ಲವೋ ಏನೋ, ನನ್ನ ಚೀಲದ ತುಂಬ ಬದನೆಕಾಯಿ ತುಂಬಿ ಕೊಟ್ಟಳು.

ಮುಂದಿನ ವಾರ ಇನ್ನೊಂದು ಊರಿನ ಚಾವಡಿಯಲ್ಲಿ ಮೂರು ಬೆರಳೆತ್ತಿ ಅದನ್ನೇ ಉಪದೇಶಿಸಿದೆ.

"ಇದ್ನೆಲ್ಲಾ ಎಲ್ಲಿ ಕಲ್ತ್ರಿ ಸಾ?" ಎಂದು ಒಬ್ಬ ಕೇಳಿದ.

ಸಿದ್ದಮ್ಮನ ಹೆಸರು ನಾಲಗೆಯ ತುದಿವರೆಗೂ ಬಂತು. "ನಮ್ಮ ಹಿತ್ತಲಲ್ಲೇ ಪ್ರಯೋಗ ಮಾಡಿದ್ದು" ಎಂದುಬಿಟ್ಟೆ. ಪ್ರಯೋಗ ನಡೆದದ್ದಂತೂ ನಿಜ.