ಕೆಂಪು ಚೀಟಿ ಕಟ್ಟಿದ ಸಕ್ಕರೆ ಮಿಷನ್

ಹೋಳಿಗೆ ತಿಂದವಳು ನಾನು, ಬೈಸಿಕೊಂಡದ್ದು ಮಿಷನ್ನು. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ನಮ್ಮ ಮನೆಯವರ ಫ್ಯಾಕ್ಟರಿ ಬುದ್ಧಿ.

ನನ್ನ ಎರಡು ಕಣ್ಣಿಗೂ ಪೊರೆ ಬಂದಿದೆ. ಬಲಗಣ್ಣಂತೂ ಹಾಲಿನ ಕವರಿನೊಳಗೆ ಕೂತು ಹೊರಗೆ ನೋಡಿದ ಹಾಗೆ. ಕಾಂಪೌಂಡಿನ ಮೇಲೆ ಬಿದ್ದಿದ್ದ ಪ್ಲಾಸ್ಟಿಕ್ ಚೀಲವನ್ನು ಬೆಕ್ಕು ಎಂದುಕೊಂಡು ಹತ್ತು ನಿಮಿಷ ಹಾಲಿಟ್ಟು ಕರೆದಿದ್ದೇನೆ. ಆಪರೇಷನ್ ಮಾಡಬೇಕಾದ ಡಾಕ್ಟರು ಒಂದು ಷರತ್ತು ಹಾಕಿದರು. ಹದಿನೈದು ದಿನ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಸಕ್ಕರೆ ನೋಡಿ ಬರೆದು ತರಬೇಕು. ಅಂಕಿ ಇಳಿದರೆ ದಿನ ಕೊಡುತ್ತಾರೆ, ಇಳಿಯದಿದ್ದರೆ ಬೆಕ್ಕಿಗೂ ಚೀಲಕ್ಕೂ ವ್ಯತ್ಯಾಸವಿಲ್ಲದೆ ಬದುಕಬೇಕು.

ಮಹದೇವಪುರದಲ್ಲಿರುವ ಮಗಳು ಸಕ್ಕರೆ ನೋಡುವ ಮಿಷನ್ ತಂದುಕೊಟ್ಟಳು. ಊಟವನ್ನೂ ಬದಲಾಯಿಸಿದಳು. ಅನ್ನ ಒಂದು ಹಿಡಿ, ಮುದ್ದೆ ನಿಂಬೆಹಣ್ಣಿಗಿಂತ ಒಂಚೂರು ದಪ್ಪ, ಸೊಪ್ಪು ತಟ್ಟೆ ತುಂಬ.

"ಮೇಕೆಗೂ ಇಷ್ಟು ಸೊಪ್ಪು ಹಾಕಲ್ಲ ಕಣೇ" ಅಂದೆ.

"ಮೇಕೆಗೆ ಶುಗರ್ ಇಲ್ಲ ಕಣಮ್ಮ."

ಎರಡನೇ ದಿನವೇ ಎದುರುಮನೆಯ ನಾಮಕರಣದಲ್ಲಿ ಜಹಾಂಗೀರು ತಿಂದುಬಿಟ್ಟೆ. ಪ್ರಾಯಶ್ಚಿತ್ತಕ್ಕೆಂದು ಮಾರನೆಯ ದಿನ ಉಪವಾಸ ಕೂತೆ. ಮಧ್ಯಾಹ್ನ ನಾಲ್ಕು ಗಂಟೆಗೆ ನೋಡಿದರೆ ಬೆಲ್ಲದ ಡಬ್ಬಿಯ ಮುಂದೆ ನಿಂತಿದ್ದೆ, ಬಾಯಲ್ಲಿ ಅಚ್ಚು ಬೆಲ್ಲ. ಮಗಳು ಫೋನಿನಲ್ಲಿ ಉಗಿದಳು. "ತಪ್ಪಿದ್ರೆ ಮುಂದಿನ ಊಟ ಸರಿಯಾಗಿ ಮಾಡು, ಅಷ್ಟೇ. ಉಪವಾಸ ಗಿಪವಾಸ ಅಂತ ದೊಡ್ಡ ಸೀನು ಮಾಡ್ಬೇಡ." ಹಾಗೇ ಮಾಡಿದೆ. ಅಂಕಿ ದಿನದಿನಕ್ಕೂ ಇಳಿಯಿತು.

ಹನ್ನೊಂದನೆಯ ದಿನ ಸಾಯಂಕಾಲ, ಹಿಂದಿನ ಸಾಲುಮನೆಯಲ್ಲಿ ಬಾಡಿಗೆಗಿರುವ ರಾಯಚೂರು ಕಡೆಯ ಹೆಂಗಸು ಬಂದಳು. ಗಾರೆ ಕೆಲಸದವಳು. ಊರಿಗೆ ಹೋಗಿ ಬಂದಿದ್ದಳು, ಕೈಯಲ್ಲಿ ಸ್ಟೀಲಿನ ಡಬ್ಬಿ, ಡಬ್ಬಿ ತುಂಬ ಶೇಂಗಾ ಹೋಳಿಗೆ.

"ಒಂದರ ತಿನ್ರಿ ಅಮ್ಮಾರ, ನಮ್ಮವ್ವ ಮಾಡ್ಯಾಳ."

"ನಂಗೆ ಸಕ್ಕರೆ ಐತೆ ಕಣಮ್ಮ."

"ಇದ್ರಾಗ ಸಕ್ಕರಿ ಎಲ್ಲೈತ್ರೀ? ಬೆಲ್ಲ ಐತಿ."

ಇಂಥ ನ್ಯಾಯಕ್ಕೆ ಎದುರು ಮಾತಾಡುವಷ್ಟು ಓದಿದವಳಲ್ಲ ನಾನು. ಮೂರು ತಿಂದೆ. ಡಬ್ಬಿಯನ್ನು ರಾಗಿ ಹಿಟ್ಟಿನ ಡ್ರಮ್ಮಿನೊಳಗೆ ಹೂತಿಟ್ಟೆ.

ಮಾರನೆಯ ಬೆಳಿಗ್ಗೆ ಬೆರಳು ಚುಚ್ಚಿದೆ. ಅಂಕಿ ನನಗೆ ಕಾಣುವುದಿಲ್ಲ, ಓದಿ ಬರೆಯುವ ಕೆಲಸ ನಮ್ಮ ಮನೆಯವರದು. ಅವರು ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ನಿನಲ್ಲಿ ಮೂವತ್ತು ವರ್ಷ ಇದ್ದವರು. ತಯಾರಾದ ಸಾಮಾನನ್ನು ಅಳೆದು, ಅಳತೆ ತಪ್ಪಿದ್ದಕ್ಕೆ ಕೆಂಪು ಚೀಟಿ ಕಟ್ಟುವುದು ಅಲ್ಲಿ ಅವರ ಕೆಲಸ. ರಿಟೈರಾಗುವಾಗ ಬೇರೆಯವರು ಗಡಿಯಾರ ತಂದರೆ ಇವರು ಆ ಚೀಟಿಯ ಕಟ್ಟನ್ನು ತಂದರು. ಸೋರುವ ಬಕೆಟ್ಟಿಗೆ ಕಟ್ಟಿದ್ದಾರೆ, ಓಡದ ಫ್ಯಾನಿಗೆ ಕಟ್ಟಿದ್ದಾರೆ. ಒಮ್ಮೆ ನನ್ನ ಉಪ್ಪಿಟ್ಟಿನ ಪಾತ್ರೆಗೂ ಕಟ್ಟಿದರು. ಆ ವಾರವೆಲ್ಲ ಉಪ್ಪಿಟ್ಟೇ ಮಾಡಿ ಹಾಕಿದೆ.

"ಇನ್ನೂರ ಮೂವತ್ತೆಂಟು!" ಅಂದರು. "ನಿನ್ನೆ ನೂರ ಮೂವತ್ತಿತ್ತು. ರಾತ್ರಿ ಏನ್ ತಿಂದೆ?"

"ಸೊಪ್ಪು."

"ಹಂಗಾದ್ರೆ ಮಿಷನ್ನೇ ತಪ್ಪು."

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅವರು ಕನ್ನಡಕ ಸರಿಮಾಡಿಕೊಂಡು ಪಾಠ ಶುರುಮಾಡಿದರು. ಅಳೆಯುವ ಸಾಧನದ ಮೇಲೆ ಅನುಮಾನ ಬಂದರೆ, ಅಳತೆ ಸರಿಯಿದೆ ಎಂದು ಗೊತ್ತಿರುವ ಸಾಮಾನೊಂದನ್ನು ಇಟ್ಟು ನೋಡಬೇಕಂತೆ. ಅದಕ್ಕೆ ಮಾಸ್ಟರ್ ಪೀಸ್ ಅನ್ನುತ್ತಾರಂತೆ.

"ಈ ಮನೇಲಿ ಅದೆಲ್ಲೈತೆ?" ಅಂದೆ.

"ನಾನಿಲ್ವೇನೇ? ಮೂವತ್ತು ವರ್ಷದಲ್ಲಿ ಒಂದ್ ದಿನ ಸಿಕ್ ಲೀವ್ ಹಾಕಿಲ್ಲ."

ಸೂಜಿ ಬದಲಾಯಿಸಿ ತಮ್ಮ ಬೆರಳು ಚುಚ್ಚಿಕೊಂಡರು. ಮುನ್ನೂರ ಹನ್ನೆರಡು ಬಂತು.

ಬೇರೆ ಯಾರಾದರೂ ಹೆದರುತ್ತಿದ್ದರು. ಇವರು ತೊಡೆ ತಟ್ಟಿದರು. "ನೋಡಿದ್ಯಾ! ಮಾಸ್ಟರಿಗೇ ಮುನ್ನೂರ ಹನ್ನೆರಡು ತೋರಿಸ್ತಿದೆ. ಮಿಷನ್ ಎಕ್ಕುಟ್ಟೋಗಿದೆ!" ಡ್ರಾಯರಿನಿಂದ ಚೀಟಿ ತೆಗೆದು, ದಾರ ಪೋಣಿಸಿ, ತಾರೀಖು ಬರೆದು, ಸಹಿ ಹಾಕಿ ಮಿಷನ್ನಿನ ಕುತ್ತಿಗೆಗೆ ಕಟ್ಟಿದರು.

ಮಿಷನ್ ಕೆಟ್ಟಿದೆ ಎಂದಮೇಲೆ ಅಳೆಯುವವರು ಯಾರು? ಮುಂದಿನ ಎರಡು ದಿನ ಯಾರೂ ಬೆರಳು ಚುಚ್ಚಲಿಲ್ಲ. ಎರಡು ದಿನವೂ ಎರಡೆರಡು ಹೋಳಿಗೆ ತಿಂದೆ. ಕೈ ಪೂರ್ತಿ ಹಿಟ್ಟಾಗುತ್ತಿತ್ತು. "ಏನ್ ಇಷ್ಟ್ ರೊಟ್ಟಿ ತಟ್ತಿದೀಯ?" ಎಂದು ಒಮ್ಮೆ ಕೇಳಿದರು, ಅಷ್ಟೇ.

ಮಿಷನ್ ಕೆಟ್ಟಿದೆ ಎಂದು ಇವರು ಫೋನಿನಲ್ಲಿ ಹೇಳಿದ್ದಕ್ಕೆ, ಹದಿನೈದನೆಯ ದಿನ ಬೆಳಿಗ್ಗೆ ಮಗಳು ಹೊಸ ಮಿಷನ್ ತಂದಳು. ಇವರೇ ಮೊದಲು ಬೆರಳು ಕೊಟ್ಟರು. ಮುನ್ನೂರ ಐದು.

"ಲಾಟೇ ಸರಿ ಇಲ್ಲ ಕಣಮ್ಮ. ಪೂರ್ತಿ ಲಾಟ್ ವಾಪಸ್ ಕಳಿಸು" ಎಂದು ಇನ್ನೊಂದು ಚೀಟಿಗೆ ಕೈ ಹಾಕಿದರು.

ಮಗಳು ಎರಡು ಮಿಷನ್ನಿನಲ್ಲೂ ತನ್ನ ರಕ್ತ ನೋಡಿದಳು. ಒಂದರಲ್ಲಿ ತೊಂಬತ್ತೆರಡು, ಇನ್ನೊಂದರಲ್ಲಿ ತೊಂಬತ್ತನಾಲ್ಕು. "ಅಪ್ಪಾ, ಮಿಷನ್ ಎರಡೂ ಸರಿಯಾಗಿವೆ. ಮಾಸ್ಟರ್ ಪೀಸೇ ರಿಜೆಕ್ಟು."

ಅವರು ಚೀಟಿ ಹಿಡಿದುಕೊಂಡೇ ಕೂತರು.

"ದಿನಾ ಏನ್ ತಿಂತೀರ ಅಪ್ಪ?"

"ಏನೂ ಇಲ್ಲ. ಬೆಳಿಗ್ಗೆ ಸಂಜೆ ವಾಕಿಂಗ್ ಹೋಗ್ತೀನಿ."

"ಎಲ್ಲಿಗೆ?"

ಚೀಟಿಯನ್ನು ಡ್ರಾಯರಿಗೆ ವಾಪಸ್ ಹಾಕಿ, "ಬೇಕರಿಗೆ" ಅಂದರು. ಹಳೆಯ ಫ್ಯಾಕ್ಟರಿ ಗೆಳೆಯರ ಜೊತೆ ಹೊತ್ತಿಗೊಂದು ಕಾಯಿ-ಸಕ್ಕರೆ ತುಂಬಿದ ದಿಲ್‌ಪಸಂದ್, ಎರಡು ಟೀ. ವರ್ಷಗಟ್ಟಲೆ ನಡೆದಿದೆಯಂತೆ.

ಅವರು ಒಪ್ಪಿಕೊಂಡ ಮೇಲೆ ನಾನೊಬ್ಬಳು ಸತ್ಯವಂತೆಯಾಗಿ ನಿಲ್ಲುವುದು ಸರಿ ಕಾಣಲಿಲ್ಲ. ಡ್ರಮ್ಮಿಗೆ ಮೊಣಕೈವರೆಗೆ ಕೈ ಹಾಕಿ ಡಬ್ಬಿ ತೆಗೆದು ಮುಂದಿಟ್ಟೆ. "ಮೂರು, ಆಮೇಲೆ ದಿನಕ್ಕೆರಡು. ಮಿಷನ್ದೇನೂ ತಪ್ಪಿಲ್ಲ."

ಒಂದು ಉಳಿದಿತ್ತು. ಮಗಳು ಹಿಟ್ಟು ಕೊಡವಿ ತಿಂದಳು. "ಸಕ್ಕತ್ತಾಗಿದೆ" ಅಂದಳು. ತೊಂಬತ್ತೆರಡು ಇರುವವಳು, ತಿನ್ನಬಹುದು.

"ನನ್ನ ಕಣ್ಣು?" ಎಂದು ಕೇಳಿದೆ.

"ಇನ್ನೂ ಹದಿನೈದು ದಿನ ಬರೀಬೇಕು. ಆದ್ರೆ ಹನ್ನೊಂದು ದಿನ ಇಳಿಸಿದ್ದು ಪುಸ್ತಕದಲ್ಲೇ ಇದೆಯಲ್ಲಮ್ಮ, ಎಲ್ಲೂ ಹೋಗಿಲ್ಲ."

ಸಂಜೆ ಅಪ್ಪನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಿ ಮಾತ್ರೆ ಬರೆಸಿದಳು. ಬಂದವರು ವೀರಾವೇಶದಲ್ಲಿದ್ದರು. "ನಾಳೆ ಇಡೀ ದಿನ ಬರೀ ನೀರು."

"ನಾಲ್ಕ್ ಗಂಟೆಗೆ ಬೆಲ್ಲದ ಡಬ್ಬಿ ಹತ್ರ ಸಿಕ್ತೀರ. ನಾನು ಆ ದಾರೀಲಿ ಹೋಗ್ಬಂದಿದೀನಿ" ಅಂದೆ. "ಅಳತೆ ತಪ್ಪಿದ್ದನ್ನೆಲ್ಲ ನಿಮ್ ಫ್ಯಾಕ್ಟರೀಲಿ ತಿಪ್ಪೆಗೆ ಹಾಕ್ತಿದ್ರಾ?"

"ಎಲ್ಲಾನೂ ಅಲ್ಲ. ಕೆಲವನ್ನ ಮತ್ತೆ ಮಿಷನ್ ಮೇಲೆ ಕೂರಿಸಿ ಸರಿ ಮಾಡ್ತಿದ್ವಿ."

"ಅಂಗಾದ್ರೆ ಬೆಳಿಗ್ಗೆ ಸೊಪ್ಪು ತಿನ್ನಿ."

ಬೆಳಿಗ್ಗೆ ಎದ್ದು ಹಳೆಯ ಮಿಷನ್ನಿನ ಚೀಟಿ ಬಿಚ್ಚಿ ಒಲೆಯ ಹತ್ತಿರ ಬಿಸಾಕಿದೆ. ಬೆರಳು ಚುಚ್ಚಿದೆ.

"ಇನ್ನೂರ ಆರು" ಎಂದು ಓದಿದರು. "ಬರೀಲಾ? ಡಾಕ್ಟ್ರಿಗೆ ಕಾಣುತ್ತೆ ಕಣೇ."

"ಕಾಣ್ಲಿ. ಅದರ ಕೆಳಗೆ ನಿಮ್ದೂ ಬರೀರಿ."

ಅವರು ಗೋಡೆ ಕಡೆ ಮುಖ ತಿರುಗಿಸಿ ಬೆರಳು ಚಾಚಿದರು. ಚುಚ್ಚಿದೆ. ರಾಗಿ ರೊಟ್ಟಿ ಆಳಿಗೊಂದೇ ತಟ್ಟಿದೆ, ದಂಟಿನ ಸೊಪ್ಪಿನ ಪಲ್ಯ ಮಾಡಿದೆ. ಆಮೇಲೆ ಸ್ಟೀಲಿನ ಡಬ್ಬಿ ತೊಳೆದೆ. ಬೇರೆಯವರ ಡಬ್ಬಿಯನ್ನು ಖಾಲಿ ವಾಪಸ್ ಕೊಡಬಾರದು. ಅದರ ತುಂಬ ಪಲ್ಯ ಒತ್ತಿ, ಹಿಂದಿನ ಸಾಲುಮನೆಯವಳು ಗಾರೆ ಕೆಲಸಕ್ಕೆ ಹೊರಡುವ ಮುಂಚೆ ಹೋಗಿ ಕೊಟ್ಟು ಬಂದೆ.