ಹಾಂಕಾಂಗಿನಲ್ಲಿ ಒಂದು ಚಿಟಿಕೆ ಬೂದಿ

ಮೊನ್ನೆ ನಂಜನಗೂಡಿನ ದೇವಸ್ಥಾನದ ಬೀದಿಯಲ್ಲಿ ಮಗಳಿಗೆ ಬಳೆ ತೊಡಿಸಲು ನಿಂತಿದ್ದೆ. ಪಕ್ಕದ ಅಂಗಡಿಯವನು ವಿಭೂತಿ ಗಟ್ಟಿಗಳನ್ನು ಹಲಗೆಯ ಮೇಲೆ ಜೋಡಿಸುತ್ತಿದ್ದ. ಒಂದು ಗಟ್ಟಿ ಕೈಜಾರಿ ಬಿದ್ದು ಒಡೆದು ಪುಡಿ ಎದ್ದಿತು. ಆ ಒಣ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬಳೆ ಅಂಗಡಿಯಲ್ಲಿ ಇರಲಿಲ್ಲ. ಉಳಿದವರಿಗೆಲ್ಲ ವಿಭೂತಿ ಅಂದರೆ ದೇವಸ್ಥಾನ ನೆನಪಾಗುತ್ತದೆ, ಮಠ ನೆನಪಾಗುತ್ತದೆ. ನನಗೆ ಹಾಂಕಾಂಗ್ ನೆನಪಾಗುತ್ತದೆ. ನಗಬೇಡಿ, ಹೇಳುತ್ತೇನೆ.

ತೊಂಬತ್ತರ ದಶಕದ ನಡುವಿನ ಮಾತು. ಹಾಂಕಾಂಗ್ ಆಗಿನ್ನೂ ಬ್ರಿಟಿಷರ ಕೈಯಲ್ಲಿತ್ತು. ನಾನು ಟಿ. ನರಸೀಪುರದ ರೇಷ್ಮೆ ಕಚೇರಿಯಲ್ಲಿ ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಅಲ್ಲಿ ನನ್ನ ಮೇಲಿನವರು ನಮ್ಮ ಹಿರಿಯ ಮೇಡಂ. ನಂಜನಗೂಡಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಸ್ನಾನ ಮಾಡಿ ಲಿಂಗಪೂಜೆ ಮುಗಿಸದೆ ಹನಿ ನೀರನ್ನೂ ಗಂಟಲಿಗೆ ಇಳಿಸದ ಹೆಂಗಸು. ಜ್ವರ ಬಂದರೂ ಅಷ್ಟೇ, ಬಸ್ಸು ಕೆಟ್ಟರೂ ಅಷ್ಟೇ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ.

ನಮ್ಮದು ಸೋಸಲೆ ಕಡೆಯ ಬೌದ್ಧರ ಮನೆ. ಅಪ್ಪ ದೀಕ್ಷೆ ತೆಗೆದುಕೊಂಡ ಮೇಲೆ ಗೋಡೆಯ ಮೇಲಿನ ಪಟ ಬದಲಾಗಿತ್ತು. ಊರಿನ ಕಣ್ಣು ಮಾತ್ರ ಬದಲಾಗಿರಲಿಲ್ಲ. ಮೇಡಂ ಕಚೇರಿಗೆ ತಮ್ಮ ನೀರನ್ನು ತಾವೇ ತಂಬಿಗೆಯಲ್ಲಿ ತರುತ್ತಿದ್ದರು. ಯಾರು ಕೊಟ್ಟರೂ ಕುಡಿಯುತ್ತಿರಲಿಲ್ಲ, ಇದು ನನಗೊಬ್ಬಳಿಗೇ ಇದ್ದ ಕಟ್ಟಳೆಯಲ್ಲ. ಆದರೂ 'ಯಾರು ಕೊಟ್ಟರೂ' ಅನ್ನುವುದು ಎಲ್ಲರಿಗೂ ಒಂದೇ ತೂಕವಲ್ಲ ಎಂದು ನನಗೆ ಗೊತ್ತಿತ್ತು. ಕೆಲಸ ಕಲಿಸುವುದರಲ್ಲಿ ಮಾತ್ರ ಅವರು ಏನನ್ನೂ ಬಚ್ಚಿಡಲಿಲ್ಲ. ರೇಷ್ಮೆ ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಒಳಗಿನ ಹುಳ ಕೋಶವಾಗಿದೆಯೋ ಇಲ್ಲವೋ ಹೇಳುವುದನ್ನು ನಾನು ಕಲಿತದ್ದು ಅವರಿಂದಲೇ.

ಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆಯ ತರಬೇತಿಗೆ ಜಪಾನಿಗೆ ಹೋಗಲು ನಮ್ಮಿಬ್ಬರ ಹೆಸರು ಬಂತು. ಬೊಂಬಾಯಿಯಲ್ಲಿ ವಿಮಾನ ತಡವಾಯಿತು. ಹಾಂಕಾಂಗಿನಲ್ಲಿ ಇಳಿದಾಗ ಮುಂದಿನ ವಿಮಾನ ಹೊರಟೇ ಹೋಗಿತ್ತು, ಇನ್ನು ಸಂಜೆಗೆ ಎಂದರು. ಬೆಳಗಿನ ಹೊತ್ತು. ಮೇಡಂ ಹಿಂದಿನ ದಿನ ಬೆಂಗಳೂರಿನಲ್ಲಿ ಮೊಸರನ್ನ ಉಂಡದ್ದೇ ಕೊನೆ. ಮೇಲೆ ಸಕ್ಕರೆ ಕಾಯಿಲೆ ಬೇರೆ. ತುಟಿ ಒಣಗಿ ಬಿರಿದಿತ್ತು.

"ಇಲ್ಲೇ ಕೈಕಾಲು ತೊಳ್ಕೊಂಡು ಮಾಡ್ಕೊಳ್ಳಿ ಮೇಡಂ" ಅಂದೆ.

"ಕಕ್ಕಸಿನ ಮಗ್ಗುಲಲ್ಲಿ ಪೂಜೆನಾ? ನಡಿ ನಡಿ."

"ಪ್ರಯಾಣದಲ್ಲಿ ಮನಸಲ್ಲೇ ಮಾಡಿದ್ರೂ ಆಯ್ತದೆ ಅಂತ ಸ್ವಾಮಿಗಳೇ ಹೇಳ್ತಾರಂತಲ್ಲ?"

"ಅವ್ರು ದೊಡ್ಡೋರು, ಅವ್ರಿಗೆ ಆಯ್ತದೆ. ನಂಗಾಗಲ್ಲ ಕಣೆ."

ಇನ್ನೊಂದು ಎಡವಟ್ಟೂ ಆಗಿತ್ತು. ಬಿಳಿ ಪುಡಿ ಕೈಚೀಲದಲ್ಲಿದ್ದರೆ ಪೊಲೀಸರು ಹಿಡಿಯುತ್ತಾರೆ ಎಂದು ಹೊರಡುವಾಗ ಯಾರೋ ಹೆದರಿಸಿದ್ದರಂತೆ. ಅವರು ವಿಭೂತಿಯನ್ನು ದೊಡ್ಡ ಪೆಟ್ಟಿಗೆಗೆ ಹಾಕಿ, ಆ ಪೆಟ್ಟಿಗೆಯನ್ನು ವಿಮಾನದವರಿಗೆ ಒಪ್ಪಿಸಿಬಿಟ್ಟಿದ್ದರು. ಕೈಚೀಲದಲ್ಲಿ ಇದ್ದದ್ದು ಉಡಲು ಒಂದು ಸೀರೆ, ಒಂದು ಪುಟ್ಟ ತಂಬಿಗೆ. ಸ್ನಾನಕ್ಕೆ ನೀರು ಬೇಕು, ಹಣೆಗೆ ಬೂದಿ ಬೇಕು, ಕೂರಲು ಒಂದಿಷ್ಟು ಚೊಕ್ಕಟ ಜಾಗ ಬೇಕು. ಇಷ್ಟನ್ನು ಹುಡುಕಿಕೊಂಡು ನಂಜನಗೂಡಿನವರೊಬ್ಬರು, ನರಸೀಪುರದವಳೊಬ್ಬಳು ಹಾಂಕಾಂಗ್ ಪಟ್ಟಣಕ್ಕೆ ಇಳಿದೆವು. ಭಾರತದವರಿಗೆ ಆಗ ಅಲ್ಲಿ ವೀಸಾ ಬೇಕಿರಲಿಲ್ಲ. ಠಸ್ಸೆ ಹೊಡೆದು ಹೊರಗೆ ಬಿಟ್ಟರು.

ವಿಮಾನ ನಿಲ್ದಾಣದ ಗೋಡೆ ದಾಟಿದರೆ ಊರೇ. ವಿಮಾನಗಳು ಮಹಡಿಗಳ ಮೇಲೆ ಒಣಹಾಕಿದ ಬಟ್ಟೆಗೆ ತಾಗುವಷ್ಟು ತಗ್ಗಿನಲ್ಲಿ ಬರುತ್ತಿದ್ದವು. ಬೀದಿಯಲ್ಲಿ ಒಣಮೀನಿನ ರಾಶಿ, ಗಾಜಿನ ಹಿಂದೆ ಕೊಕ್ಕೆಗೆ ನೇತುಹಾಕಿದ ಹುರಿದ ಬಾತುಕೋಳಿ. ಮೇಡಂ ಸೆರಗನ್ನು ಮೂಗಿಗೆ ಒತ್ತಿಕೊಂಡು ತಲೆ ಎತ್ತದೆ ನಡೆದರು. ನಮ್ಮ ಕಡೆಯ ಹಾಗೆ ಬೀದಿ ನಲ್ಲಿ ಎಲ್ಲೂ ಕಾಣಲಿಲ್ಲ. ಬಸ್ಸು ಹತ್ತಿ ಬಂದರಿನ ದಡಕ್ಕೆ ಹೋದೆವು. ಅಬ್ಬಾ, ಆ ನೀರು! ಹಡಗು, ದೋಣಿ, ಆಚೆ ದಡದಲ್ಲಿ ಮುಗಿಲಿಗೆ ಮುಟ್ಟುವ ಕಟ್ಟಡಗಳು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ ಮೇಡಂ ಆಗಲೇ ಸೀರೆಯ ನೆರಿಗೆ ಎತ್ತಿ ಕಟ್ಟಿ ಮೆಟ್ಟಿಲು ಇಳಿಯುತ್ತಿದ್ದರು.

"ಊರಿಗೆ ಬಂದೋಳು ನೀರಿಗೆ ಬರಲ್ವ? ಕಪಿಲೆಲಿ ಮುಳುಗಲ್ವ ನಾವು? ಮೂರು ಮುಳುಕು ಹಾಕ್ಬಿಟ್ರೆ ಆಯ್ತು."

ನೀರಿನ ಮೇಲೆ ಎಣ್ಣೆ ಬಣ್ಣಬಣ್ಣವಾಗಿ ತೇಲುತ್ತಿತ್ತು. ಪೊಲೀಸಿನವನೊಬ್ಬ ಪೀಪಿ ಊದುತ್ತ ಓಡಿಬಂದ. ಈ ಹೆಂಗಸು ಜೀವ ಕಳೆದುಕೊಳ್ಳಲು ಹೊರಟಿದ್ದಾಳೆ ಎಂದೇ ಅವನು ತಿಳಿದಿರಬೇಕು. ನಾನು ಕೈಮುಗಿದು, ತಲೆಯ ಮೇಲೆ ನೀರು ಸುರಿದುಕೊಳ್ಳುವ ಹಾಗೆ ಅಭಿನಯಿಸಿ ತೋರಿಸಿದೆ. ಅವನಿಗೆ ನನ್ನ ತಲೆಯೂ ಕೆಟ್ಟಿದೆ ಅನ್ನಿಸಿತು. ನಮ್ಮಿಬ್ಬರನ್ನೂ ಮೇಲಕ್ಕೆ ಹತ್ತಿಸಿ, ರಸ್ತೆಯವರೆಗೂ ಬಂದು ಬಿಟ್ಟುಹೋದ.

ಬಿಸಿಲು ಏರಿತ್ತು. ಮೇಡಂ ನಡೆಯುತ್ತ ನಡೆಯುತ್ತ ಒಂದು ಕಂಬ ಹಿಡಿದು ನಿಂತರು. ಮುಖದಲ್ಲಿ ರಕ್ತವೇ ಇರಲಿಲ್ಲ. ಒಂದು ಗುಟುಕು ನೀರು ಕುಡಿಯಿರಿ ಎಂದು ಬೇಡಿಕೊಂಡೆ. ತಲೆ ಅಲ್ಲಾಡಿಸಿದರು. ನನಗೆ ಭಯವಾಯಿತು. ಭಯದ ಬೆನ್ನಿಗೇ ಹಟವೂ ಬಂತು. ಇವರನ್ನು ಈ ಊರಿನಲ್ಲಿ ಬೀಳಲು ಬಿಡುವುದಿಲ್ಲ, ಇವರ ಪೂಜೆ ಮಾಡಿಸಿಯೇ ವಿಮಾನ ಹತ್ತಿಸುತ್ತೇನೆ ಅಂದುಕೊಂಡೆ. ಅವರ ನೇಮದ ಮೇಲೆ ನನಗೆ ಭಕ್ತಿಯೇನೂ ಇರಲಿಲ್ಲ. ಅವರ ಮೇಲೆ ಇತ್ತು.

ಆಗ ಕಂಡದ್ದು ಆ ಬಾಗಿಲು. ಎರಡು ಅಂಗಡಿಗಳ ನಡುವೆ ಇಕ್ಕಟ್ಟಾದ ಮೆಟ್ಟಿಲು, ಅದರ ಬಾಯಲ್ಲಿ ಗಾಜಿನೊಳಗೆ ಒಬ್ಬ ಪುಟ್ಟ ಬುದ್ಧ. ನಮ್ಮ ಮನೆಯ ಪಟದಲ್ಲಿರುವ ಮುಖವಲ್ಲ, ಕೆನ್ನೆ ತುಂಬಿಕೊಂಡ ಚೀನೀ ಮುಖ. ಆದರೂ ನೆಂಟರ ಮನೆ ಸಿಕ್ಕ ಹಾಗಾಯಿತು.

"ಇದು ನಿಮ್ ದೇವ್ರ ಗುಡಿ ಅಲ್ವ?" ಅಂದರು ಮೇಡಂ. ಆ 'ನಿಮ್' ಅನ್ನುವುದು ಚುಚ್ಚಿತು.

"ಬುದ್ಧ ದೇವ್ರಲ್ಲ ಮೇಡಂ, ಗುರು. ನಿಮ್ಮಲ್ಲೂ ಗುರುನೇ ಮೊದ್ಲಲ್ವ? ಹತ್ತಿ ಸುಮ್ನೆ."

ಅವರ ಜೊತೆ ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಅವರು ಹತ್ತಿದರು.

ಮೇಲೆ ತಲೆ ಬೋಳಿಸಿಕೊಂಡ, ಬೂದು ಬಟ್ಟೆ ತೊಟ್ಟ ಮುದುಕಿ ಸನ್ಯಾಸಿನಿಯೊಬ್ಬರು ಸೊಪ್ಪು ಸೋಸುತ್ತ ಕೂತಿದ್ದರು. ನಾನು ಬುದ್ಧನಿಗೆ ನೆಲಮುಟ್ಟಿ ನಮಸ್ಕರಿಸಿದೆ. ಆಕೆಗೆ ಅಷ್ಟು ಸಾಕಾಯಿತು. ಒಂದಕ್ಷರ ಒಬ್ಬರದೊಬ್ಬರಿಗೆ ತಿಳಿಯದೆ ಕೆಲಸ ನಡೆಯಿತು. ಸ್ನಾನದ ಅಭಿನಯ ಈ ಸಲ ಫಲಿಸಿತು. ಅಡುಗೆಮನೆಯ ಹಿಂದೆ ನಲ್ಲಿ, ಬಕೆಟ್ಟು, ಒಂದು ಪರದೆ. ಮೇಡಂ ಮಿಂದು ಸೀರೆ ಬದಲಿಸಿ ಬರುವಷ್ಟರಲ್ಲಿ ನಾನು ಹಣೆಯ ಮೇಲೆ ಮೂರು ಬೆರಳು ಎಳೆದು ತೋರಿಸಿ ಬೂದಿಯನ್ನೂ ಕೇಳಿದ್ದೆ. ಆ ತಾಯಿ ಸ್ವಲ್ಪ ಯೋಚಿಸಿ, ನಕ್ಕು, ಬುದ್ಧನ ಮುಂದಿನ ಬಟ್ಟಲಿನಿಂದ ಗಂಧದ ಕಡ್ಡಿಯ ಬೂದಿಯನ್ನು ಬೆರಳಲ್ಲೇ ಜರಡಿಯಾಡಿ ಒಂದು ಚಿಟಿಕೆ ಕೊಟ್ಟರು.

"ಇದು ಸಗಣಿ ಬೂದಿ ಅಲ್ವಲ್ಲೇ…" ಅಂದರು ಮೇಡಂ.

"ಗುರು ಮುಂದೆ ಉರ್ದಿದ್ದು ಮೇಡಂ."

ನನ್ನ ಅಂಗೈಯಲ್ಲಿದ್ದ ಬೂದಿಯನ್ನು ನೋಡಿದರು. ಆಮೇಲೆ ಮೂರು ಬೆರಳು ಅದ್ದಿ ಹಣೆಗೆ ಹಚ್ಚಿಕೊಂಡರು.

ಕೂತು ಕರಡಿಗೆ ಬಿಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡರು. ಕೈ ನಡುಗತೊಡಗಿತು. ಮೊದಲು ಬೆರಳು, ಆಮೇಲೆ ಇಡೀ ಮುಂಗೈ. ಹಸಿವು, ಬಾಯಾರಿಕೆ, ಸಕ್ಕರೆ ಎಲ್ಲ ಸೇರಿ ಅವರ ಕೈ ಅವರ ಮಾತು ಕೇಳುತ್ತಿರಲಿಲ್ಲ. ಲಿಂಗ ಅಂಗೈಯ ಅಂಚಿಗೆ ಸರಿಯಿತು. ಅದು ನೆಲಕ್ಕೆ ಬಿದ್ದರೆ ಅವರ ಪಾಲಿಗೆ ಪ್ರಾಣವೇ ಬಿದ್ದಂತೆ. ನಾನು ಒಂದು ಮಾರು ದೂರದಲ್ಲಿ, ಮುಟ್ಟಬಾರದು ಎಂದು ಕೈ ಕಟ್ಟಿಕೊಂಡು ಕೂತಿದ್ದೆ. ಮಡಿ ಅನ್ನುವ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ, ನಡೆಯಲ್ಲಿ ಇರುತ್ತಿತ್ತು.

"ಹಿಡ್ಕೊ" ಅಂದರು.

ಕೇಳಿಸಿದರೂ ಕದಲಲಿಲ್ಲ.

"ಕೆಳಗಿಂದ ಹಿಡ್ಕೊಳ್ಳವ್ವ… ಬಿಡಬ್ಯಾಡ."

ಎರಡೂ ಕೈ ಬೊಗಸೆ ಮಾಡಿ ಅವರ ಕೈಯ ಕೆಳಗೆ ಕೊಟ್ಟೆ. ನಡುಕ ನನ್ನ ಕೈಗೆ ಇಳಿಯಿತು, ನಿಧಾನಕ್ಕೆ ನಿಂತಿತು. ಅವರು ಬಲಗೈಯಿಂದ ತಂಬಿಗೆಯ ನೀರು ಎರೆದರು. ಲಿಂಗದಿಂದ ಜಾರಿದ ನೀರು ಅವರ ಬೆರಳ ಸಂದಿಯಿಂದ ನನ್ನ ಬೊಗಸೆಗೆ ಇಳಿಯಿತು. ಪೂಜೆ ಮುಗಿಯುವವರೆಗೂ ಇಬ್ಬರೂ ಕಣ್ಣು ಎತ್ತಲಿಲ್ಲ. ಆಮೇಲೆ ಅವರು ನೀರು ಕುಡಿದ ರೀತಿ… ಒಂದು ಚೊಂಬಾದ ಮೇಲೆ ಇನ್ನೊಂದು ಚೊಂಬು. ಸನ್ಯಾಸಿನಿ ಬಿಳಿ ಅನ್ನ, ಬೇಯಿಸಿದ ಸೊಪ್ಪು, ಕಿತ್ತಳೆ ಹಣ್ಣು ತಂದಿಟ್ಟರು. ಇಬ್ಬರೂ ಎದುರುಬದುರು ಕೂತು ಉಂಡೆವು.

ವಿಮಾನಕ್ಕೆ ಇನ್ನೂ ಹೊತ್ತಿತ್ತು. ಹೊಟ್ಟೆಗೆ ಬಿದ್ದ ಮೇಲೆ ಮೇಡಂ ಬೇರೆ ಹೆಂಗಸೇ ಆದರು. ಇಷ್ಟು ದೂರ ಬಂದು ಆಚೆ ದಡ ನೋಡದೆ ಹೋಗುವುದುಂಟೇ ಎಂದು ನನ್ನನ್ನೇ ಎಳೆದುಕೊಂಡು ಹೋಗಿ ದೋಣಿ ಹತ್ತಿಸಿದರು. "ತಲಕಾಡಿನ ತೆಪ್ಪಕ್ಕಿಂತ ಮೇಲು ಕಣೆ, ಸೀರೆ ನೆನೆಯಲ್ಲ" ಅಂದರು. ಗಾಳಿಗೆ ಹಣೆಯ ಬೂದಿ ಉದುರುತ್ತಿತ್ತು. ನಡುನೀರಿನಲ್ಲಿ ಇದ್ದಕ್ಕಿದ್ದಂತೆ "ನಿನ್ ಕೈ ಬಿಸಿ ಕಣೆ" ಅಂದರು. ಅಷ್ಟೇ. ಮತ್ತೆ ಹಡಗು ನೋಡುತ್ತ ಕೂತರು.

ಊರಿಗೆ ಮರಳಿದ ಮೇಲೆ ಮತ್ತೆ ಅದೇ ತಂಬಿಗೆ, ಅದೇ ಮನೆಯ ನೀರು. ನನಗೆ ಬೇಸರವಾಗಲಿಲ್ಲ ಅಂದರೆ ಸುಳ್ಳಾದೀತು. ಹಲವು ತಿಂಗಳ ಮೇಲೆ, ಒಂದು ಬೇಸಿಗೆಯ ಮಧ್ಯಾಹ್ನ, ಗೂಡು ನೋಡುತ್ತ ಕೂತಿದ್ದವರು ತಲೆ ಎತ್ತದೆ "ನಿನ್ ಬಾಟ್ಲು ಕೊಡು ಇಲ್ಲಿ" ಅಂದರು. ಕೊಟ್ಟೆ. ಎತ್ತಿ ಕುಡಿದು ಮುಚ್ಚಳ ಹಾಕಿ ವಾಪಸು ಕೊಟ್ಟರು. ಸಂತೋಷವಾಯಿತು, ಅಷ್ಟೇ ಸಿಟ್ಟೂ ಬಂತು. ಒಂದು ಗುಟುಕು ನೀರಿಗೆ ಕಡಲು ದಾಟಿ ಬರಬೇಕಿತ್ತೇ? ಆದರೆ ಅಂದಿನಿಂದ ಅವರು ತಂಬಿಗೆ ತರುವುದನ್ನೇ ಬಿಟ್ಟರು.

ನಿವೃತ್ತಿಯಾಗಿ ಕೆಲವು ವರ್ಷಕ್ಕೆ ಹೋಗಿಬಿಟ್ಟರು. ಸುದ್ದಿ ತಿಳಿದು ನಂಜನಗೂಡಿಗೆ ಓಡಿದೆ. ಜಗಲಿಯ ಮೇಲೆ ಕೂರಿಸಿ, ಹಣೆ ತುಂಬ ವಿಭೂತಿ ಹಚ್ಚಿದ್ದರು. ಮಣ್ಣಿಗೆ ಹೊರಡುವ ಮುನ್ನ ಕ್ರಿಯೆ ಮಾಡಿಸಲು ಬಂದ ಅಯ್ಯನವರು ಲಿಂಗವನ್ನು ಎಡ ಅಂಗೈಗೆ ಇಟ್ಟರು. ಕೈ ವಾಲಿತು. ಮತ್ತೆ ಇಟ್ಟರು, ಮತ್ತೆ ವಾಲಿತು. "ಕೈಗೆ ಬಟ್ಟೆ ಕಟ್ಟೋಗಂಟ ಯಾರಾರ ಕೆಳಗಿಂದ ಹಿಡ್ಕೊಳ್ರಪ್ಪ" ಅಂದರು. ನೆಂಟರು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಹಿಂದಿನ ಸಾಲಿನಿಂದ ಎಲ್ಲರನ್ನೂ ಸರಿಸಿಕೊಂಡು ಮುಂದೆ ಹೋದೆ. ನಾನು ಯಾರ ಮನೆಯವಳು ಎಂದು ಅಲ್ಲಿ ಗೊತ್ತಿದ್ದವರೂ ಇದ್ದರು. ಯಾರೋ ಗಂಟಲು ಸರಿಮಾಡಿಕೊಂಡರು. ನಾನು ಬೊಗಸೆ ಕೊಟ್ಟೆ. ಗಂಟು ಬಿಗಿಯುವವರೆಗೂ ಬಿಡಲಿಲ್ಲ. ಅವರ ಕೈ ತಣ್ಣಗಿತ್ತು, ಒಂದಿಷ್ಟೂ ನಡುಗುತ್ತಿರಲಿಲ್ಲ.

ಮೊನ್ನೆ ಬಳೆ ಅಂಗಡಿಯಿಂದ ಹೊರಡುವಾಗ ಪಕ್ಕದವನನ್ನು ಆ ಒಡೆದ ಗಟ್ಟಿಯ ಒಂದು ಚೂರು ಕೇಳಿದೆ. ಅವನು ಕಾಗದದಲ್ಲಿ ಸುತ್ತಿಕೊಟ್ಟ. "ನಾವು ಹಚ್ಚಲ್ವಲ್ಲಮ್ಮ, ಇದ್ಯಾಕೆ?" ಎಂದು ಮಗಳು ಕೇಳಿದಳು. ಬಸ್ಸಿನಲ್ಲಿ ನರಸೀಪುರ ಬರುವವರೆಗೂ ಆ ಪೊಟ್ಟಣ ನನ್ನ ಬೊಗಸೆಯಲ್ಲೇ ಇತ್ತು. ಹಿಡ್ಕೊ ಅಂದವರಿಲ್ಲ, ಇನ್ನು ಬಿಡು ಅನ್ನುವವರೂ ಇಲ್ಲ.